ಕುರಿಗೂ ಬಡ್ತಿ ಉಂಟು

ವರ್ಷ ಮುಗಿಯುವುದು ವರ್ಷಕ್ಕೊಂದೇ ಸಲ ಎಂದು ನಂಬಿಕೊಂಡವರು ನಮ್ಮ ದಕ್ಷಿಣ ಕನ್ನಡದ ಯಾವುದಾದರೂ ಇಗರ್ಜಿ ಶಾಲೆಗೆ ಮಗುವನ್ನು ಸೇರಿಸಿ ನೋಡಬೇಕು. ತುಳುವರು ಬಿಸುವಿಗೆ, ಅಂಗಡಿಯವರು ದೀಪಾವಳಿಗೆ, ಬ್ಯಾಂಕಿನವರು ಮಾರ್ಚ್ 31ಕ್ಕೆ ಹಳೆ ಲೆಕ್ಕ ಮುಚ್ಚಿ ಕೈ ತೊಳೆದುಕೊಳ್ಳುತ್ತಾರೆ. ಇಗರ್ಜಿ ಶಾಲೆಯವರಿಗೆ ಆ ಭಾಗ್ಯವಿಲ್ಲ. ಅಲ್ಲಿ ವರ್ಷ ಕ್ರಿಸ್ಮಸ್ಸಿಗೊಮ್ಮೆ ಮುಗಿಯುತ್ತದೆ, ಸ್ಕೂಲ್ ಡೇಗೆ ಇನ್ನೊಮ್ಮೆ ಮುಗಿಯುತ್ತದೆ, ಏಪ್ರಿಲ್ 10ಕ್ಕೆ ರಿಸಲ್ಟ್ ಹೇಳಿದ ಮೇಲೆ ಖಾತ್ರಿಯಾಗಿ ಮತ್ತೊಮ್ಮೆ ಮುಗಿಯುತ್ತದೆ. ಸಾಲದ್ದಕ್ಕೆ ಕಥೋಲಿಕ ಸಭೆಯ ಸ್ವಂತ ಪಂಚಾಂಗದಲ್ಲಿ ಹೊಸ ವರ್ಷ ಹುಟ್ಟುವುದೇ ಕ್ರಿಸ್ಮಸ್ಸಿಗಿಂತ ನಾಲ್ಕು ಭಾನುವಾರ ಮೊದಲು. ಸಂಚಾಲಕ ಫಾದರ್ ಆಗಲೇ ಹೊಸ ವರ್ಷದಲ್ಲಿರುತ್ತಾರೆ. ಮಕ್ಕಳು ಹಳೆ ವರ್ಷಕ್ಕೆ ಟಾಟಾ ಹೇಳುವ ಡಾನ್ಸ್ ಪ್ರಾಕ್ಟೀಸಿನಲ್ಲಿರುತ್ತಾರೆ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಇಲಾಖೆಯ ಕ್ಯಾಲೆಂಡರ್ ಹಿಡಿದು, ಸಿಲಬಸ್ ಇನ್ನೂ ಇಷ್ಟು ಬಾಕಿ ಉಂಟಲ್ಲ ಎಂದು ತಲೆ ಮೇಲೆ ಕೈ ಹೊತ್ತಿರುತ್ತಾರೆ. ಒಂದನೇ ಕ್ಲಾಸಿನ ಮಗುವೊಂದನ್ನು, “ವರ್ಷ ಮುಗಿಯುವುದು ಯಾವಾಗ ಪುಟ್ಟಾ?” ಎಂದು ಕೇಳಿದೆ. “ಕೇಕು ಕೊಟ್ಟ ಮೇಲೆ” ಎಂದಿತು. ಮೂರು ಕ್ಯಾಲೆಂಡರುಗಳ ತಕರಾರು ಅಲ್ಲಿಗೆ ಇತ್ಯರ್ಥ.

ಹಾಗೆಂದು ಆ ಕೇಕಿನ ರಜೆ ಪುಕ್ಕಟೆ ಸಿಗುವುದಲ್ಲ. ಕ್ರಿಸ್ಮಸ್ಸಿಗೆ ದೊಡ್ಡ ರಜೆ ಬೇಕೆನ್ನುವ ಕ್ರೈಸ್ತ ಶಾಲೆಗಳು ಅಷ್ಟು ದಿನಗಳನ್ನು ದಸರಾ ರಜೆಯಲ್ಲಿ ಕಡಿತ ಮಾಡಿಕೊಂಡು ಕೆಲಸದ ದಿನಗಳ ಲೆಕ್ಕ ಸರಿದೂಗಿಸಬೇಕು. ಅಂದರೆ ಇದು ದಸರೆಯಿಂದ ತಂದ ಸಾಲದ ರಜೆ. ಊರಿನ ಉಳಿದ ಮಕ್ಕಳು ಹುಲಿವೇಷದ ತಾಸೆಯ ಪೆಟ್ಟಿನ ಹಿಂದೆ ಬೀದಿ ಬೀದಿ ಓಡುವಾಗ ಇಗರ್ಜಿ ಶಾಲೆಯ ಮಕ್ಕಳು ಕ್ಲಾಸಿನಲ್ಲಿ ಕೂತು ಬೆಂಚಿನಡಿಯಲ್ಲೇ ಕಾಲು ಕುಣಿಸಬೇಕು. ಅಣ್ಣ ಸರ್ಕಾರಿ ಶಾಲೆಗೂ ತಂಗಿ ಇಗರ್ಜಿ ಶಾಲೆಗೂ ಹೋಗುವ ಮನೆಯಲ್ಲಿ ಈ ಲೆಕ್ಕದ ಬಿಸಿ ಗೊತ್ತಾಗುತ್ತದೆ. ಅಕ್ಟೋಬರಿನಲ್ಲಿ ಅಣ್ಣ ಹಾಸಿಗೆಯಲ್ಲಿ ಬಿದ್ದುಕೊಂಡೇ, “ಹೋಗು ಹೋಗು, ಬೆಲ್ ಆಯ್ತು” ಎಂದು ತಂಗಿಯನ್ನು ಸಾಗಹಾಕುತ್ತಾನೆ. ಡಿಸೆಂಬರಿನಲ್ಲಿ ತಂಗಿ ಬಡ್ಡಿ ಸಮೇತ ವಸೂಲಿಗೆ ನಿಲ್ಲುತ್ತಾಳೆ. ಅಮ್ಮನಿಗೆ ಮಾತ್ರ ಎರಡೂ ತಿಂಗಳು ಬೆಳಿಗ್ಗೆ ಬುತ್ತಿ ಕಟ್ಟುವುದು ತಪ್ಪುವುದಿಲ್ಲ.

ಡಿಸೆಂಬರ್ ಹತ್ತಿರ ಬರುತ್ತಿದ್ದಂತೆ ಶಾಲೆಯಲ್ಲಿ ಗೋದಲಿಯ ಗಲಾಟೆ ಸುರು. ಏಳನೇ ಕ್ಲಾಸಿನ ಹುಡುಗರು ಬಿದಿರು, ಬೈಹುಲ್ಲು, ಗೋಣಿಚೀಲ ಎಂದು ಊರೆಲ್ಲ ಸುತ್ತುತ್ತಾರೆ. ಗಣಿತದ ಪೀರಿಯಡ್ಡಿನಲ್ಲೇ ಬೈಹುಲ್ಲು ತೀರಾ ತುರ್ತಾಗಿ ಬೇಕಾಗುವುದು ವಾಡಿಕೆ. ಗೋದಲಿ ಕಟ್ಟುವ ಈ ಉಪದ್ವ್ಯಾಪ ಸುರು ಮಾಡಿದವರು ಇಟಲಿಯ ಸಂತ ಫ್ರಾನ್ಸಿಸ್ ಅಸ್ಸೀಸಿ. 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು ಹಾಸಿ, ಜೀವಂತ ಎತ್ತು-ಕತ್ತೆಗಳನ್ನೇ ತಂದು ನಿಲ್ಲಿಸಿ, ಕ್ರಿಸ್ತ ಹುಟ್ಟಿದ ರಾತ್ರಿ ಹೇಗಿತ್ತೆಂದು ಜನರಿಗೆ ತೋರಿಸಿದರಂತೆ. ಅವರಿಗೇನು, ಎತ್ತು ಕತ್ತೆ ಎರಡೂ ಡೈಲಾಗ್ ಕೇಳುವುದಿಲ್ಲ, ಅವುಗಳ ಅಪ್ಪ-ಅಮ್ಮ ಮರುದಿನ ಶಾಲೆಗೆ ಜಗಳಕ್ಕೂ ಬರುವುದಿಲ್ಲ. ನಮ್ಮ ಮೂರನೇ ಕ್ಲಾಸಿನ ಟೀಚರಿಗೆ ಆ ಸುಖವಿಲ್ಲ.

ಪಾತ್ರ ಹಂಚುವ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನೋಡಬೇಕು. ಮೇರಿ ಆಗಲು ಬೇಕಾದ ಅರ್ಹತೆ ಒಂದೇ, ಮನೆಯಲ್ಲಿ ನೀಲಿ ವೇಲು ಇರಬೇಕು. ಅದು ಬ್ಯಾರಿಗಳ ಮನೆಯ ಹುಡುಗಿಯ ಹತ್ತಿರ ಇದ್ದರೆ ಆ ವರ್ಷದ ಮೇರಿ ಅವಳೇ. ಹುಡುಗಿಯ ಅಜ್ಜಿ ಮುಂದಿನ ಸಾಲಿನಲ್ಲಿ ಕೂತು, “ನಮ್ಮ ಮರ್ಯಮ್ ಅಲ್ಲವಾ, ಮತ್ತೆಂತ” ಎಂದು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾರೆ. ಜೋಸೆಫ್ ಪಾತ್ರ ಯಾವಾಗಲೂ ಬಾಯಿ ಬಿಡದ ಹುಡುಗನಿಗೆ. ಒಮ್ಮೆ ಒಬ್ಬ ತಂದೆ, “ಅದೇನು ಟೀಚರ್, ಅಷ್ಟು ದೊಡ್ಡ ಪಾತ್ರ ಕೊಟ್ಟು ನಮ್ಮವನಿಗೆ ಒಂದು ಡೈಲಾಗೂ ಇಲ್ವಾ?” ಎಂದು ಕೇಳಿಯೇ ಬಿಟ್ಟರು. “ಬೈಬಲ್ಲಿನಲ್ಲೇ ಇಲ್ಲ ಮಾರಾಯ್ರೆ, ನಾನೆಲ್ಲಿಂದ ತರಲಿ?” ಎಂದರು ಟೀಚರ್. ನಿಜವೇ. ನಾಲ್ಕೂ ಸುವಾರ್ತೆಗಳನ್ನು ಜಾಲಾಡಿದರೂ ಜೋಸೆಫರ ಬಾಯಿಂದ ಬಂದ ಒಂದೇ ಒಂದು ಮಾತು ಸಿಗುವುದಿಲ್ಲ. ಕನಸು ಬೀಳುತ್ತದೆ, ಎದ್ದು ಹೇಳಿದ ಕೆಲಸ ಮಾಡುತ್ತಾರೆ, ಅಷ್ಟೇ. ಸಂಸಾರಸ್ಥರಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇರೆ ಬೇಕೇ? ಟೀಚರ್ ಮಾತು ಕೇಳುತ್ತಿದ್ದ ಆ ತಂದೆಯ ಹೆಂಡತಿ ನಕ್ಕದ್ದು ಮೈಕಿನಲ್ಲಿ ಹಾಕಿದಷ್ಟು ಜೋರಾಗಿ ಕೇಳಿತು.

ಛತ್ರದವನ ಪಾತ್ರ ಮಾತ್ರ ವಾಚಾಳಿಗೆ ಮೀಸಲು. ಲೂಕನ ಸುವಾರ್ತೆಯಲ್ಲಿ ಛತ್ರದಲ್ಲಿ ಸ್ಥಳವಿರಲಿಲ್ಲ ಎಂದಿದೆಯೇ ಹೊರತು ಅದನ್ನು ಹೇಳಲಿಕ್ಕೆ ಒಬ್ಬ ಛತ್ರದವನು ಬಾಗಿಲಿಗೆ ಬಂದ ಎಂದಿಲ್ಲ. ಆದರೆ ಪ್ರತಿ ಕ್ಲಾಸಿನಲ್ಲೂ ಸುಮ್ಮನಿರಲಾರದ ಒಬ್ಬ ಇದ್ದೇ ಇರುತ್ತಾನಲ್ಲ, ಅವನನ್ನು ಎಲ್ಲಿಡುವುದು? ಹಾಗೆ ಹುಟ್ಟಿದವನು ಛತ್ರದವನು. ಇನ್ನು ರಾಜರು. ಮತ್ತಾಯನು ಬರೆದದ್ದು ಮೂಡಣದಿಂದ ಜೋಯಿಸರು ಬಂದರು ಎಂದು. ಅವರು ರಾಜರೆಂದೂ ಹೇಳಿಲ್ಲ, ಮೂವರೆಂದೂ ಹೇಳಿಲ್ಲ. ಕಾಣಿಕೆ ಮೂರು ಇದ್ದುದರಿಂದ ಜನವೂ ಮೂರು ಇರಬೇಕೆಂದು ಆಮೇಲಿನವರು ಲೆಕ್ಕ ಹಾಕಿದ್ದು. ನಮ್ಮ ಶಾಲೆಯ ಲೆಕ್ಕ ಬೇರೆ: ಎಷ್ಟು ಮನೆಯಲ್ಲಿ ಮದುವೆಯ ಜರಿಶಾಲು ಉಂಟೋ ಅಷ್ಟು ರಾಜರು. ಚಿನ್ನ, ಧೂಪ, ರಕ್ತಬೋಳ ಈ ಮೂರನ್ನೂ ಹಳೆಯ ಬಿಸ್ಕತ್ತಿನ ಡಬ್ಬಕ್ಕೆ ಬಣ್ಣದ ಬೇಗಡೆ ಸುತ್ತಿ ತಯಾರಿಸುತ್ತಾರೆ. ಸಭೆಯಲ್ಲಿದ್ದ ಒಬ್ಬ ಅಜ್ಜಿ ಮೂರೂ ಕಾಣಿಕೆಗಳ ಹೆಸರು ಕೇಳಿ ತೀರ್ಪು ಕೊಟ್ಟರು: “ಬುದ್ಧಿ ಇದ್ದದ್ದು ಕಡೆಯವನಿಗೊಬ್ಬನಿಗೆ. ನಮ್ಮ ಕಾಲದಲ್ಲೂ ಬಾಣಂತಿಗೆ ಬೋಳ ಕೊಡುತ್ತಿದ್ದರು. ಉಳಿದ ಇಬ್ಬರು ಗಂಡಸರು ಪೇಟೆಯಲ್ಲಿ ಸಿಕ್ಕಿದ್ದು ತಂದದ್ದು.”

ಉಳಿದವರೆಲ್ಲ ಕುರಿ. ಇದರಲ್ಲಿ ವಾದವಿಲ್ಲ, ಶಿಫಾರಸೂ ನಡೆಯುವುದಿಲ್ಲ. ಒಂದನೇ ಕ್ಲಾಸಿಗೆ ಸೇರಿದ ಮಗು ಮೊದಲ ಕ್ರಿಸ್ಮಸ್ಸಿಗೆ ಕುರಿಯೇ. ಕರಾವಳಿಯಲ್ಲಿ ಕುರಿ ಕಾಣುವುದೇ ಅಪರೂಪ, ಆದ್ದರಿಂದ ನಮ್ಮ ಕುರಿಗಳು ಆಡಿನ ಭಾಷೆಯಲ್ಲಿ ಮಾತಾಡುತ್ತವೆ, ಒಂದೆರಡು ಬೆಕ್ಕಿನ ಭಾಷೆಯಲ್ಲೂ ಮಾತಾಡುತ್ತವೆ. ಬಿಳಿ ಬನಿಯನ್ನಿಗೆ ಹತ್ತಿ ಅಂಟಿಸಿ, ಕಿವಿಗೆ ಕಾರ್ಡ್‌ಬೋರ್ಡು ಕಟ್ಟಿದರೆ ವೇಷ ಮುಗಿಯಿತು. ಅಂಟು ಒಣಗುವ ಮೊದಲೇ ಹತ್ತಿ ಉದುರಲು ಸುರುವಾಗುತ್ತದೆ. ನಾಟಕ ಅರ್ಧಕ್ಕೆ ಬರುವಾಗ ಉಣ್ಣೆ ಕತ್ತರಿಸಿದ ಕುರಿಗಳ ಮಂದೆಯೊಂದು ಹಸ್ತದ ಮೇಲೂ ಮಂಡಿಯ ಮೇಲೂ ನಿಂತು, ಮೂಗಿಗೆ ಹತ್ತಿ ಹೋಗಿ ಸೀನುತ್ತಿರುತ್ತದೆ.

ಮೇಲೆ ನೈಲಾನ್ ದಾರದಲ್ಲಿ ನಕ್ಷತ್ರ ಎಳೆಯುವುದು ಇನ್ನೊಬ್ಬನ ಡ್ಯೂಟಿ. ಒಂದು ವರ್ಷ ನಕ್ಷತ್ರ ಅರ್ಧ ದಾರಿಯಲ್ಲಿ ಟ್ಯೂಬ್‌ಲೈಟಿನ ವಯರಿಗೆ ಸಿಕ್ಕಿ ನಿಂತಿತು. ನಕ್ಷತ್ರ ನಿಂತಲ್ಲಿ ರಾಜರು ನಿಲ್ಲಬೇಕೆಂದು ಟೀಚರ್ ಕಟ್ಟುನಿಟ್ಟಾಗಿ ಹೇಳಿದ್ದರು. ರಾಜರು ನಿಂತರು. ಆದರೆ ಗೋದಲಿ ಇದ್ದದ್ದು ಸ್ಟೇಜಿನ ಇನ್ನೊಂದು ತುದಿಯಲ್ಲಿ. ಒಂದು ನಿಮಿಷ ಕಾದು, ಕೊನೆಗೆ ಮೇರಿಯೇ ಎದ್ದು ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ರಾಜರ ಹತ್ತಿರ ನಡೆದು, ಡಬ್ಬಗಳನ್ನು ಇಸಿದುಕೊಂಡು ಬಂದಳು. ನೂರಾರು ವರ್ಷಗಳ ಗೋದಲಿಯ ಇತಿಹಾಸದಲ್ಲಿ ಇಷ್ಟು ಚುರುಕಿನ ಬಾಣಂತಿ ಬೇರೆಲ್ಲೂ ಬಂದಿರಲಾರಳು.

ಸಾಂತಾ ಕ್ಲಾಸ್ ಬರುವುದು ಕೊನೆಗೆ. ಇದರ ಮೂಲಪುರುಷ ಸಂತ ನಿಕೊಲಾಸ್ ಈಗಿನ ತುರ್ಕಿಯಲ್ಲಿರುವ ಮೈರಾ ಎಂಬ ಊರಿನ ಬಿಷಪ್, ಹಬ್ಬ ಡಿಸೆಂಬರ್ 6ಕ್ಕೆ. ಆತನಿಗೂ ಹಿಮದ ಗಾಡಿಗೂ ಸಂಬಂಧವಿರಲಿಲ್ಲ. ಆದರೂ ಬೆವರಿಳಿಯುವ ಮಂಗಳೂರಿನ ಸೆಕೆಯಲ್ಲಿ ಪಿ.ಟಿ. ಮಾಷ್ಟ್ರು ಕೆಂಪು ವೆಲ್ವೆಟ್ ನಿಲುವಂಗಿಯೊಳಗೆ ತಲೆದಿಂಬು ತುರುಕಿಕೊಂಡು, ಹತ್ತಿಯ ಗಡ್ಡ ಬಾಯೊಳಗೆ ಹೋಗದಂತೆ ಉಫ್ ಉಫ್ ಎನ್ನುತ್ತ ಬರಬೇಕು. ಮಕ್ಕಳು ಗುರುತು ಹಿಡಿಯುವುದು ಚಪ್ಪಲಿಯಿಂದ. “ಮಾಷ್ಟ್ರೇ, ಎರಡು ಚಾಕಲೇಟ್!” ಎಂದು ಕೂಗಿದವನಿಗೆ ಸಾಂತಾ ಕಣ್ಣಿನಲ್ಲೇ ನಾಳೆಯ ಡ್ರಿಲ್ಲಿನ ಭರವಸೆ ಕೊಡುತ್ತಾರೆ.

ಹಿನ್ನೆಲೆಗೆ ‘ಜಿಂಗಲ್ ಬೆಲ್ಸ್’ ಇರಲೇಬೇಕು. 1857ರಲ್ಲಿ ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ ಪ್ರಕಟಿಸಿದ ಆ ಹಾಡಿನಲ್ಲಿ ಕುದುರೆ ಉಂಟು, ಹಿಮ ಉಂಟು, ಜಾರುಗಾಡಿ ಉಂಟು, ಕ್ರಿಸ್ಮಸ್ ಎಂಬ ಶಬ್ದವೊಂದು ಇಲ್ಲ. ಹಿಮ ಅಂದರೆ ಫ್ರಿಜ್ಜಿನ ಮೇಲಿನ ಖಾನೆ ಎಂದು ತಿಳಿದ ಮಕ್ಕಳು ಅದನ್ನು ಗಂಟಲು ಹರಿಯುವಂತೆ ಹಾಡುತ್ತಾರೆ. ಅದಾದ ಐದೇ ವರ್ಷಕ್ಕೆ, 1862ರಲ್ಲಿ, ನಮ್ಮ ನಿಘಂಟಿನ ಕಿಟೆಲ್ ಸಾಹೇಬರು ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿಗೆ ಒಗ್ಗಿಸಿ ‘ಕಥಾಮಾಲೆ’ ಬರೆದಿದ್ದರು. ಅದನ್ನೊಂದು ವರ್ಷ ಹಾಡಿಸಬಾರದೇ ಎಂದು ಫಾದರ್ ಹತ್ತಿರ ಕೇಳಿದೆ. “ಅವರು ಬಾಸೆಲ್ ಮಿಷನ್ನಿನವರು, ಪ್ರೊಟೆಸ್ಟೆಂಟರು. ಅದೇನೂ ಅಡ್ಡಿಯಿಲ್ಲ. ಆದರೆ ಷಟ್ಪದಿಗೆ ಸ್ಟೆಪ್ ಹಾಕಿಸುವ ಡಾನ್ಸ್ ಮಾಷ್ಟ್ರನ್ನು ನೀವೇ ಹುಡುಕಿ ತನ್ನಿ” ಎಂದು ನಕ್ಕರು. ಹುಡುಕುತ್ತಿದ್ದೇನೆ.

ಅಷ್ಟರಲ್ಲಿ ಸ್ಟಾಫ್ ರೂಮಿನಲ್ಲಿ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ಡಬ್ಬಗಳು ತೆರೆದುಕೊಳ್ಳುತ್ತವೆ. ನೆವ್ರ್ಯೊ, ಗುಳಿಯೊ, ಕೊಕ್ಕಿಸಾಂ, ಚಕ್ಕುಲಿ, ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟು ಹೊರಳಿಸಿ ಗೆರೆ ಮೂಡಿಸಿದ ಕಿಡ್ಯೊ. “ಹೊಸ ಬಾಚಣಿಗೆ ಮಾರಾಯ್ರೆ, ಇದಕ್ಕೇಂತಲೇ ಬೇರೆ ಇಟ್ಟದ್ದು” ಎಂದು ಪ್ರತಿಯೊಬ್ಬ ಟೀಚರೂ ಕೇಳದೆಯೇ ಹೇಳುತ್ತಾರೆ. ಯಾರ ನೆವ್ರಿಯ ಒಳಗೆ ಹೂರಣ ಹೆಚ್ಚು, ಯಾರದ್ದರಲ್ಲಿ ಗಾಳಿ ಹೆಚ್ಚು ಎಂಬ ಮೌಲ್ಯಮಾಪನ ಪಬ್ಲಿಕ್ ಪರೀಕ್ಷೆಗಿಂತ ಕಟ್ಟುನಿಟ್ಟಾಗಿ ನಡೆಯುತ್ತದೆ.

ಇನ್ನು ಸ್ಕೂಲ್ ಡೇ. ಇದು ದೊಡ್ಡವರ ಹಬ್ಬ. ಸಂಜೆ ಆರಕ್ಕೆ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ಮಕ್ಕಳಿಗೆ ಮೂರು ಗಂಟೆಗೇ ಬಣ್ಣ ಬಳಿದಿರುತ್ತಾರೆ. ಒಂದೇ ಸ್ಪಂಜಿನಲ್ಲಿ ಇಡೀ ಶಾಲೆಯ ಮುಖಕ್ಕೆ ಗುಲಾಬಿ ಹಚ್ಚುವ ಮೇಕಪ್ಪಿನವರು, ಸೇಫ್ಟಿ ಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡೇ ಬೈಯುವ ಕಲೆಯನ್ನು ಸಾಧಿಸಿದ ಟೀಚರುಗಳು, ಬಾಡಿಗೆ ವೇಷದೊಳಗೆ ತುರಿಸಿಕೊಳ್ಳುವ ಮಹಿಷಾಸುರ. ಪರದೆಯ ಮುಂದೆ ಸ್ವಾಗತ, ದೀಪ, ಅಧ್ಯಕ್ಷರು, ಮುಖ್ಯ ಅತಿಥಿ, ಶಿಕ್ಷಕ-ರಕ್ಷಕ ಸಂಘ, ಹಳೆ ವಿದ್ಯಾರ್ಥಿ ಸಂಘ. ಮುಖ್ಯ ಅತಿಥಿ “ಎರಡೇ ಮಾತು” ಎಂದು ಎದ್ದರೆಂದರೆ ಅನುಭವಸ್ಥರು ಮೆಲ್ಲಗೆ ಗೇಟಿನ ಹೊರಗಿನ ಚರುಮುರಿ ಗಾಡಿಯ ಕಡೆ ನಡೆಯುತ್ತಾರೆ. ಚರುಮುರಿ ತಿಂದು, ಕಷಾಯ ಕುಡಿದು, ಪರಿಚಯದವರ ಮಗಳ ಮದುವೆ ಮಾತುಕತೆ ಮುಗಿಸಿ ಬಂದರೂ ಅವರು ಮೊದಲನೇ ಮಾತಿನಲ್ಲೇ ಇರುತ್ತಾರೆ.

ಆದರೆ ಸಿಸ್ಟರ್ ಓದುವ ವಾರ್ಷಿಕ ವರದಿಯನ್ನು ಬಿಟ್ಟು ಹೋಗಬೇಡಿ. ಪ್ರತಿಭಾ ಕಾರಂಜಿಯ ಬಹುಮಾನ, ಹೊಸ ನೀರಿನ ಟ್ಯಾಂಕು, ದಾನಿಗಳ ಹೆಸರು ಇವನ್ನೆಲ್ಲ ಅವರು ನಿಧಾನವಾಗಿ, ಅಕ್ಷರ ಬಿಡಿಸಿ ಓದುತ್ತಾರೆ. “ಈ ಸಾಲಿನ ದಾಖಲಾತಿ” ಎಂಬಲ್ಲಿಗೆ ಬಂದ ಕೂಡಲೇ ಸ್ವರ ಸ್ವಲ್ಪ ತಗ್ಗುತ್ತದೆ, ಓಟ ಜೋರಾಗುತ್ತದೆ. ನಮ್ಮದು ಕನ್ನಡ ಮಾಧ್ಯಮದ ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ. ಅದೇ ಕಂಪೌಂಡಿನ ಆಚೆ ಬದಿಗೆ ಅದೇ ಆಡಳಿತದ ಇಂಗ್ಲಿಷ್ ಮೀಡಿಯಂ. ಆಚೆಯ ಕ್ರಿಸ್ಮಸ್ ನಾಟಕದಲ್ಲಿ ರಾಜರು ಸ್ಟೇಜು ಹಿಡಿಸದಷ್ಟು. ಈಚೆಯಲ್ಲಿ ಮೊದಲ ಸೀನಿನ ಕುರುಬನೇ ಪರದೆಯ ಹಿಂದೆ ಓಡಿ, ಕಂಬಳಿ ಬಿಸಾಡಿ, ಜರಿಶಾಲು ಹೊದ್ದು ಎರಡನೇ ಸೀನಿಗೆ ರಾಜನಾಗಿ ಬರಬೇಕು. ಕುರುಬರು ಲೂಕನ ಪುಸ್ತಕದವರು, ಜೋಯಿಸರು ಮತ್ತಾಯನ ಪುಸ್ತಕದವರು. ಬೈಬಲ್ಲಿನಲ್ಲಿ ಅವರು ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ಇಲ್ಲಿ ನೋಡುವ ಪ್ರಶ್ನೆಯೇ ಇಲ್ಲ, ಇಬ್ಬರೂ ಒಬ್ಬನೇ. ಊರಿನವರು ಇದಕ್ಕೆ ಮಕ್ಕಳಿಲ್ಲದ್ದೇ ಕಾರಣ ಎಂದು ನಿಟ್ಟುಸಿರು ಬಿಡುತ್ತಾರೆ. ತಮ್ಮ ಮಕ್ಕಳನ್ನು ಎಲ್ಲಿಗೆ ಸೇರಿಸಿದ್ದೀರಿ ಎಂದು ಕೇಳಿದರೆ ಚರುಮುರಿಗೆ ನಿಂಬೆಹುಳಿ ಕಮ್ಮಿ ಆಯ್ತು ಎನ್ನುತ್ತಾರೆ.

ವರದಿಯಲ್ಲಿ ಬಾರದ ವರ್ಷವೊಂದು ಮಕ್ಕಳ ಹತ್ತಿರ ಇರುತ್ತದೆ. ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದವರಿಗೆ ಮೌಲ್ಯ ಶಿಕ್ಷಣದ ಪೀರಿಯಡ್ಡು. ವರ್ಷದ ಕೊನೆಗೆ ಎರಡೂ ಗುಂಪಿಗೂ ಆತ್ಮಾವಲೋಕನದ ಅಭ್ಯಾಸ. ‘ಈ ವರ್ಷ ನಾನು ಕಲಿತದ್ದು’ ಎಂದು ಬೋರ್ಡಿನಲ್ಲಿ ಬರೆದು ಟೀಚರ್ ಕುರ್ಚಿಯಲ್ಲಿ ಒರಗುತ್ತಾರೆ. ಸತ್ಯ, ಅಹಿಂಸೆ, ಕ್ಷಮೆ ಎಂದೇನಾದರೂ ಬರಬಹುದೆಂಬ ಆಸೆ. ಬಂದದ್ದು ಹೀಗೆ: “ಸಿಸ್ಟರಿಗೂ ಅಮ್ಮ ಇದ್ದಾರೆ, ಅವರು ಸಿಸ್ಟರಿಗೆ ಬೈಯುತ್ತಾರೆ.” “ಎಂಟರ ಮಗ್ಗಿ ಬರುತ್ತದೆ, ಏಳರದ್ದು ಬರುವುದಿಲ್ಲ, ಆದ್ದರಿಂದ ಏಳನ್ನು ಬಿಟ್ಟಿದ್ದೇನೆ.” “ಕುರಿಗೆ ಮಂಡಿ ನೋಯುತ್ತದೆ.” ದೇವರಿಗೊಂದು ಪತ್ರ ಬರೆಯಿರಿ ಎಂದದ್ದಕ್ಕೆ ಒಬ್ಬ, “ಪೆನ್ಸಿಲ್ ಕದ್ದದ್ದಕ್ಕೆ ಕ್ಷಮಿಸು. ರಬ್ಬರು ಅವನೇ ಕೊಟ್ಟದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡ” ಎಂದು ಬರೆದಿದ್ದ. ಇಷ್ಟು ಪ್ರಾಮಾಣಿಕವಾದ ಲೆಕ್ಕಪತ್ರವನ್ನು ಮಾರ್ಚ್ 31ರಂದು ಯಾವ ಆಡಿಟರೂ ಕಂಡಿರಲಿಕ್ಕಿಲ್ಲ.

ಏಳನೆಯವರ ಬೀಳ್ಕೊಡುಗೆ ಮಾರ್ಚಿನಲ್ಲಿ. ಹುಡುಗಿಯರು ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ಅಳುತ್ತಾರೆ, ಆಟೋಗ್ರಾಫ್ ಪುಸ್ತಕದಲ್ಲಿ ಗುಲಾಬಿ ಹೂವು ಬಿಡಿಸುತ್ತಾರೆ, ಎಂದೆಂದಿಗೂ ಮರೆಯಬೇಡ ಎನ್ನುತ್ತಾರೆ. ಜೂನಿನಲ್ಲಿ ಅಷ್ಟೂ ಜನ ರಸ್ತೆಯಾಚೆಯ ಹೈಸ್ಕೂಲಿನ ಒಂದೇ ಬೆಂಚಿಗೆ ಜಗಳಾಡುತ್ತಿರುತ್ತಾರೆ. ಹುಡುಗರು ಅಳುವುದಿಲ್ಲ. ಬೀಳ್ಕೊಡುಗೆಯ ಬಾಳೆಹಣ್ಣಿನ ಸಿಪ್ಪೆ ಯಾರ ಕಾಲಡಿಗೆ ಇಡುವುದು ಎಂಬ ಗಹನ ಚಿಂತೆಯಲ್ಲಿರುತ್ತಾರೆ.

ಕಡೆಗೆ ಏಪ್ರಿಲ್ 10. ಹಿಂದೆಲ್ಲ ಆ ದಿನ ಮಕ್ಕಳು ಇಗರ್ಜಿಯಲ್ಲಿ ಮೇಣದಬತ್ತಿ, ದೇವಸ್ಥಾನದಲ್ಲಿ ಕಾಯಿ, ದರ್ಗಾದಲ್ಲಿ ಸಕ್ಕರೆ ಹೀಗೆ ಎಲ್ಲ ಇಲಾಖೆಗಳಿಗೂ ಅರ್ಜಿ ಹಾಕಿ ಬರುತ್ತಿದ್ದರು. 2010ರ ಏಪ್ರಿಲ್ 1ಕ್ಕೆ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯವರೆಗೆ ಯಾರನ್ನೂ ಫೇಲು ಮಾಡುವಂತಿಲ್ಲ ಎಂದಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ಕ್ಲಾಸಿಗೆ ಆ ಬಾಗಿಲನ್ನು ಮತ್ತೆ ಸ್ವಲ್ಪ ತೆರೆದಿಟ್ಟಿತು. ಅಂತೂ ಸಣ್ಣ ಕ್ಲಾಸಿನವರಿಗೆ ಪಾಸು ಎಂಬುದು ಜೂನಿನ ಮಳೆಯಷ್ಟೇ ಖಾತ್ರಿ. ಹಾಗಿದ್ದರೂ ಮಾರ್ಕ್ಸ್ ಕಾರ್ಡು ಕೈಗೆ ಬರುವವರೆಗೆ ಯಾರೂ ಕೂರುವುದಿಲ್ಲ, ಅಪ್ಪಂದಿರಂತೂ ಮೊದಲೇ ಕೂರುವುದಿಲ್ಲ.

ಆದರೆ ಮಕ್ಕಳಿಗೆ ಗೊತ್ತು, ಎಲ್ಲರಿಗೂ ಸಿಗುವ ಪಾಸಿನಲ್ಲಿ ಏನೂ ಹುರುಳಿಲ್ಲ. ಅವರ ಲೆಕ್ಕದ ಬಡ್ತಿ ಬೇರೆಯೇ ಉಂಟು. ಒಂದನೆಯಲ್ಲಿ ಕುರಿ, ಮೂರನೆಯಲ್ಲಿ ಕುರುಬ, ಐದನೆಯಲ್ಲಿ ರೆಕ್ಕೆ ಕಟ್ಟಿದ ದೇವದೂತ ಇಲ್ಲವೇ ಶಾಲು ಹೊದ್ದ ರಾಜ, ಏಳನೆಯಲ್ಲಿ ಮೇರಿ, ಜೋಸೆಫ್. ಪುಣ್ಯವಿದ್ದವನು ಎಂದೋ ಒಂದು ದಿನ ಮುಖ್ಯ ಅತಿಥಿಯಾಗಿಯೂ ಬರುತ್ತಾನೆ, ಎರಡೇ ಮಾತು ಎನ್ನುತ್ತಾನೆ. ವರದಿಯಲ್ಲಿ ಈ ಬಡ್ತಿಗೆ ಕಾಲಂ ಇಲ್ಲ, ಮಾರ್ಕ್ಸ್ ಕಾರ್ಡಿನಲ್ಲಿ ಗ್ರೇಡೂ ಇಲ್ಲ. ಊರಲ್ಲಿ ಮಾತ್ರ ಮೂವತ್ತು ವರ್ಷ ಕಳೆದರೂ, “ನಮ್ಮ ಬ್ಯಾಚಿನ ಜೋಸೆಫ್ ಅಲ್ವಾ ಅವ, ಈಗ ದುಬೈಯಲ್ಲಿದ್ದಾನೆ, ಈಗಲೂ ಮಾತು ಕಮ್ಮಿ” ಎಂದು ಗುರುತು ಹೇಳುತ್ತಾರೆ. ಅವನಿಗೆ ಗಣಿತದಲ್ಲಿ ಎಷ್ಟು ಬಂದಿತ್ತೆಂದು ಅವನ ಅಮ್ಮನಿಗೂ ನೆನಪಿಲ್ಲ.

ಈ ಸಲ ರಿಸಲ್ಟಿನ ದಿನ ಟೀಚರ್ ಒಂದನೆಯ ಹುಡುಗನೊಬ್ಬನಿಗೆ ಕಾರ್ಡು ಕೊಟ್ಟು, “ಪಾಸು, ಎರಡನೇ ಕ್ಲಾಸು” ಎಂದರು. ಅವನು ಕಾರ್ಡು ಬಿಡಿಸಿಯೂ ನೋಡಲಿಲ್ಲ.

“ಅದಲ್ಲ ಟೀಚರ್, ಮುಂದಿನ ವರ್ಷವೂ ನಾನು ಕುರಿಯಾ?”

ಟೀಚರ್ ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದರು. ಜೂನಿನ ಹೊಸ ದಾಖಲಾತಿ ಎಷ್ಟಾದೀತೆಂದು ಮನಸ್ಸಿನಲ್ಲೇ ಎಣಿಸಿದರು.

“ಒಂದನೆಗೆ ನಾಲ್ಕು ಜನ ಸೇರಿದರೆ ನೀನು ಕುರುಬ. ಸೇರದಿದ್ದರೆ ಎರಡೂ ನೀನೇ. ಹೋಗು, ಆಚೆಮನೆಯವರ ಮಗುವನ್ನು ಇಲ್ಲಿಗೇ ಹಾಕಲಿಕ್ಕೆ ಹೇಳು.”

ಹುಡುಗ ಆ ಮನೆಯ ಕಡೆಗೇ ಓಡಿದ.